ಚಿಮಿಣಿ ಬುಡ್ಡಿಯಿಂದ ಸೌರಫಲಕದವರೆಗೆ: ಬೆಳಕಿಗೆ ಸಾಲ ಕೊಟ್ಟ ಚರಿತ್ರೆ

ಕಾವೇರಿ ಹುಟ್ಟುವುದು ನಮ್ಮ ತಲಕಾವೇರಿಯಲ್ಲಿ. ಆದರೆ ಆ ನೀರಿನಿಂದ ತಯಾರಾದ ಮೊದಲ ಕರೆಂಟು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ ಸಾಗಿ ಗಣಿಯ ಯಂತ್ರಗಳನ್ನು ತಿರುಗಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು. ಕಾವೇರಿಯ ತವರೂರಿನ ಗದ್ದೆ ಬದಿಯ ಮನೆಗಳಲ್ಲಿ, ತೋಟದ ಲೈನ್‌ಮನೆಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ ಮಾತ್ರ ಆಮೇಲೂ ಬಹುಕಾಲ ಚಿಮಿಣಿ ಬುಡ್ಡಿಯೇ ಉರಿಯುತ್ತಿತ್ತು.

ಇದನ್ನು ದೂರು ಹೇಳುವುದಕ್ಕೆಂದು ಬರೆಯುತ್ತಿಲ್ಲ. ಗಣಿ ಕಂಪೆನಿಗಳಿಗೆ ಕರೆಂಟು ಕೊಂಡು ದುಡ್ಡು ಕೊಡುವ ತಾಕತ್ತಿತ್ತು, ಆದ್ದರಿಂದ ತಂತಿ ಅಲ್ಲಿಗೆ ಹೋಯಿತು. ನಮ್ಮ ಗುಡ್ಡಗಳಲ್ಲಿ ಮನೆಗೂ ಮನೆಗೂ ಅರ್ಧ ಮೈಲಿ ದೂರ, ಬಳಸುವುದು ಎರಡು ದೀಪ. ಅಂಥ ಕಡೆಗೆ ಕಂಬ ನೆಡಲು ಬಂಡವಾಳ ಹಾಕುವವರು ಯಾರು? ಬೆಳಕಿನ ಚರಿತ್ರೆಯನ್ನು ಓದುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ನೀರು ಎಲ್ಲಿದೆ, ಬಿಸಿಲು ಎಲ್ಲಿದೆ ಎಂಬುದಕ್ಕಿಂತ ದುಡ್ಡಿನ ಏರ್ಪಾಡು ಹೇಗಿದೆ ಎಂಬುದರ ಮೇಲೆಯೇ ಯಾರ ಮನೆಯಲ್ಲಿ ದೀಪ ಹತ್ತುತ್ತದೆ ಎಂಬುದು ನಿಂತಿದೆ. ನಮ್ಮ ಸಂಘ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಸಂದರ್ಭದಲ್ಲಿ, ‘ಸೋಲಾರ್‌ಗೆ ಸಂಘದಿಂದ ಸಾಲ ಸಿಗುತ್ತದಾ?’ ಎಂದು ಸದಸ್ಯರು ಕೇಳಲು ಆರಂಭಿಸಿರುವಾಗ, ಆ ಚರಿತ್ರೆಯನ್ನು ಸ್ವಲ್ಪ ಹಿಂತಿರುಗಿ ನೋಡುವುದು ಒಳ್ಳೆಯದು.

ಧವಸ ಭಂಡಾರದ ಲೆಕ್ಕ

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ, 1905ರ ಮೇ 8ರಂದು, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಸಂಘ ಹುಟ್ಟಿತು. ಕೊಡಗು ಆಗ ಮೈಸೂರಿಗೂ ಸೇರದೆ ಬೊಂಬಾಯಿಗೂ ಸೇರದೆ ಚೀಫ್ ಕಮಿಷನರರ ಆಡಳಿತದಲ್ಲಿದ್ದ ಪುಟ್ಟ ಪ್ರಾಂತ. ಪ್ರಾಂತ ಪುಟ್ಟದಾದರೂ ಸಹಕಾರದಲ್ಲಿ ಹಿಂದೆ ಬೀಳಲಿಲ್ಲ. ಕೊಡಗಿಗೆಂದೇ ಪ್ರತ್ಯೇಕ ಸಹಕಾರ ಸಂಘಗಳ ಕಾಯಿದೆ 1936ರಲ್ಲಿ ಬಂತು. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವೂ ಅದೇ ವರ್ಷದ್ದು. ಗೋಣಿಕೊಪ್ಪಲಿನ ಕಿತ್ತಳೆ ಬೆಳೆಗಾರರ ಸಹಕಾರ ಸಂಘ 1943ರದ್ದು.

ಇವೆಲ್ಲದರ ಜೊತೆಗೆ ಊರೂರಿನಲ್ಲಿ ಧವಸ ಭಂಡಾರಗಳಿದ್ದವು. ಹಿರಿಯರಿಗೆ ಇದು ಗೊತ್ತಿರುವ ವಿಷಯ, ಕಿರಿಯರಿಗಾಗಿ ಹೇಳುತ್ತೇನೆ. ಕಕ್ಕಡ ತಿಂಗಳ ಮಳೆಯಲ್ಲಿ ಮನೆಯ ಪತ್ತಾಯ ಬರಿದಾದಾಗ ಭಂಡಾರದಿಂದ ಭತ್ತ ಸಾಲ ತರುವುದು. ಹುತ್ತರಿ ಕಳೆದು ಒಕ್ಕಣೆಯಾದ ಮೇಲೆ ಅಸಲನ್ನೂ ಬಡ್ಡಿಯನ್ನೂ ಭತ್ತದಲ್ಲೇ ಅಳೆದು ಕೊಡುವುದು. ಈ ಏರ್ಪಾಡಿನಲ್ಲಿ ಮೂರು ಸೂಕ್ಷ್ಮಗಳಿವೆ. ಒಂದು, ಮರುಪಾವತಿಯ ಗಡುವು ಬೆಳೆಯ ಕಾಲಕ್ಕೆ ಹೊಂದಿಕೊಂಡಿತ್ತು. ತಿಂಗಳ ಒಂದನೇ ತಾರೀಕು ಎಂಬ ಲೆಕ್ಕ ಅಲ್ಲಿರಲಿಲ್ಲ. ಎರಡು, ಸಾಲ ತೆಗೆದುಕೊಂಡವರ ಗದ್ದೆ ಎಷ್ಟು, ಈ ವರ್ಷ ಪೈರು ಹೇಗಿದೆ ಎಂಬುದು ಕೊಡುವವರಿಗೆ ಕಾಗದಪತ್ರ ನೋಡದೆಯೇ ಗೊತ್ತಿತ್ತು. ಮೂರು, ಭಂಡಾರ ಊರಲ್ಲೇ ಇತ್ತು. ಏನಾದರೂ ಎಡವಟ್ಟಾದರೆ ಹೋಗಿ ಕೇಳಲು ಜನ ಸಿಗುತ್ತಿದ್ದರು. ಈಗ ಹೆಸರಿನಲ್ಲಿ ಮಾತ್ರ ಧವಸ ಉಳಿದು, ವ್ಯವಹಾರ ಹಣಕ್ಕೆ ತಿರುಗಿದ ಸಂಘಗಳು ಜಿಲ್ಲೆಯಲ್ಲಿವೆ. ಆದರೆ ಕಾಲಕ್ಕೆ ಹೊಂದುವ ಕಂತು, ಆಳಿನ ಪರಿಚಯ, ಹತ್ತಿರದಲ್ಲೇ ಸಿಗುವ ಸಹಾಯ ಎಂಬ ಈ ಮೂರು ಸೂತ್ರಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವೇ ಕೆಲಸಕ್ಕೆ ಬರುತ್ತವೆ.

ತಂತಿ ಬಂದ ದಾರಿ

1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನಲ್ಲಿ ಸೇರಿತು. ಮರುವರ್ಷ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ಕೊನೆಯವರೆಗೂ ‘ಕೆ.ಇ.ಬಿ.’ಯೇ. 1999ರಲ್ಲಿ ಮಂಡಳಿ ಹೋಗಿ ನಿಗಮವಾಯಿತು. 2005ರಿಂದ ನಮ್ಮ ಜಿಲ್ಲೆ ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಅಂದರೆ ‘ಸೆಸ್ಕ್’ಗೆ ಸೇರಿತು. ಆದರೂ ಕರೆಂಟು ಹೋದಾಗ ‘ಕೆ.ಇ.ಬಿ.ಗೆ ಫೋನ್ ಮಾಡಿ’ ಅನ್ನುವವರು ಇಂದಿಗೂ ಇದ್ದಾರೆ.

ಹಳ್ಳಿಗಳಿಗೆ ತಂತಿ ಎಳೆಯಲು ಸಾಲ ಕೊಡುವುದಕ್ಕೆಂದೇ ಕೇಂದ್ರ ಸರಕಾರ 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮವನ್ನು ತೆರೆಯಿತು. ಸಹಕಾರಿಗಳು ಹೆಮ್ಮೆಪಡಬಹುದಾದ ಒಂದು ಪ್ರಯೋಗ ಆಗಲೇ ನಡೆಯಿತು. ದೇಶದಲ್ಲಿ ಐದು ಕಡೆ ವಿದ್ಯುತ್ ಹಂಚುವ ಕೆಲಸವನ್ನೇ ಸಹಕಾರ ಸಂಘಗಳಿಗೆ ವಹಿಸಲಾಯಿತು. ಅವುಗಳಲ್ಲೊಂದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಅಮೆರಿಕದಲ್ಲಿ 1930ರ ದಶಕದಲ್ಲಿ ರೈತರು ಸಂಘ ಕಟ್ಟಿಕೊಂಡು, ಸರಕಾರದಿಂದ ಕಡಿಮೆ ಬಡ್ಡಿಯ ಸಾಲ ಪಡೆದು ತಮ್ಮ ಹೊಲಮನೆಗಳಿಗೆ ತಾವೇ ತಂತಿ ಎಳೆದುಕೊಂಡ ಮಾದರಿ ಅದಕ್ಕೆ ಪ್ರೇರಣೆ. ಅಂದರೆ ಬಿಲ್ಲು ಕಟ್ಟುವವರೇ ಸದಸ್ಯರು, ಸದಸ್ಯರೇ ಮಾಲೀಕರು. ಕರೆಂಟಿಗೂ ಸಹಕಾರಕ್ಕೂ ನಂಟು ಹೊಸದಲ್ಲ ಎಂಬುದಕ್ಕೆ ಇಷ್ಟು ಸಾಕು.

1979ರ ಸುಮಾರಿಗೆ ರಾಜ್ಯ ಸರಕಾರದ ಭಾಗ್ಯಜ್ಯೋತಿ ಬಂತು. ಬಡವರ ಮನೆಗೆ ಒಂದು ದೀಪ. ಆ ಒಂದು ದೀಪದ ಕೆಳಗೆ ಓದಿ ಮುಂದೆ ಬಂದ ಮಕ್ಕಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಆದರೆ ಕೊಡಗಿನ ತಂತಿಗೆ ಕೊಡಗಿನದ್ದೇ ಆದ ಕಷ್ಟವಿದೆ. ಮಡಿಕೇರಿಯಲ್ಲಿ ವರ್ಷಕ್ಕೆ ನೂರಿಪ್ಪತ್ತು ಇಂಚಿನ ಆಸುಪಾಸು ಮಳೆ. ತೋಟದ ನೆರಳಿಗೆ ಬೆಳೆಸಿದ ಮರಗಳ ನಡುವೆಯೇ ಲೈನು ಹೋಗಬೇಕು. ಗಾಳಿಗೆ ಒಂದು ಕೊಂಬೆ ಮುರಿದರೆ ಹತ್ತು ಮನೆಗೆ ಕತ್ತಲೆ. ಜುಲೈ ತಿಂಗಳಲ್ಲಿ ಕರೆಂಟು ಹೋಯ್ತು ಅಂದ್ರೆ ಎರಡು ದಿನ, ಕೆಲವೊಮ್ಮೆ ವಾರದ ಲೆಕ್ಕ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳೇ ಜಾರಿದಾಗ ರಸ್ತೆಯ ಜೊತೆ ಕಂಬಗಳೂ ಹೋದವು. ಮೊಬೈಲಿಗೆ ಚಾರ್ಜ್ ಇಲ್ಲದೆ ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಜನ ಒದ್ದಾಡಿದರು. ಮನೆಯಲ್ಲೇ ಸ್ವಲ್ಪ ಕರೆಂಟು ತಯಾರಾಗುವುದು ಆಡಂಬರದ ಮಾತಲ್ಲ ಎಂಬುದನ್ನು ಆ ವರ್ಷ ನಮಗೆಲ್ಲ ಕಲಿಸಿತು.

ಗೋಬರ್ ಗ್ಯಾಸು ಮತ್ತು ಅಸ್ತ್ರ ಒಲೆ

ಸೌರಫಲಕ ಬರುವ ಮೊದಲೇ ಎರಡು ‘ಸ್ವಚ್ಛ ಇಂಧನ’ಗಳು ಹಳ್ಳಿಗೆ ಬಂದಿದ್ದವು. ಆಗ ಯಾರೂ ಅವನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ ಅಷ್ಟೇ.

ಮೊದಲನೆಯದು ಗೋಬರ್ ಗ್ಯಾಸು. ಖಾದಿ ಆಯೋಗದ ತೇಲುವ ಡ್ರಮ್ಮಿನ ಮಾದರಿ ಹಳೆಯದು. 1984ರಲ್ಲಿ ಇಟ್ಟಿಗೆಯ ಗುಮ್ಮಟದ ‘ದೀನಬಂಧು’ ಮಾದರಿ ಬಂದ ಮೇಲೆ ಖರ್ಚು ಇಳಿಯಿತು. 1981-82ರಲ್ಲಿ ಕೇಂದ್ರದ ರಾಷ್ಟ್ರೀಯ ಯೋಜನೆ ಆರಂಭವಾಗಿ ಸಹಾಯಧನ, ಬ್ಯಾಂಕ್ ಸಾಲ ಎರಡೂ ಸಿಕ್ಕವು. ಮೂರು ನಾಲ್ಕು ದನಗಳಿದ್ದ ಮನೆಯಲ್ಲಿ ಹೊಗೆಯಿಲ್ಲದೆ ಅಡುಗೆ ಆಗುತ್ತಿತ್ತು, ಬಗ್ಗಡ ತೋಟಕ್ಕೆ ಗೊಬ್ಬರವಾಗುತ್ತಿತ್ತು. ಆದರೆ ಮಳೆಗಾಲದ ಚಳಿಗೆ ಗ್ಯಾಸು ಕಡಿಮೆಯಾಗುತ್ತಿತ್ತು. ಗದ್ದೆಗೆ ಟಿಲ್ಲರ್ ಬಂದು ಎತ್ತು ಹೋಯಿತು. ಹಟ್ಟಿ ಬರಿದಾದ ಕಡೆ ಗುಂಡಿಯೂ ಬರಿದಾಯಿತು.

ಎರಡನೆಯದು ಹೊಗೆರಹಿತ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ಹಳ್ಳಿಗೆ ಹೊಂದುವ ತಂತ್ರಜ್ಞಾನ ಹುಡುಕುವುದೇ ಅದರ ಕೆಲಸ. ‘ಅಸ್ತ್ರ ಒಲೆ’ ಅಲ್ಲಿಂದಲೇ ಬಂದದ್ದು. ಅದೇ ತಂಡ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಇಡೀ ಊರಿನ ಸಗಣಿ ಸೇರಿಸಿ ಗ್ಯಾಸು ಮಾಡಿ, ಅದರಿಂದ ಎಂಜಿನ್ ನಡೆಸಿ, 1987ರಿಂದ ಮನೆಮನೆಗೆ ದೀಪ ಮತ್ತು ಕೊಳವೆಬಾವಿಯ ನೀರು ಕೊಟ್ಟಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ದುಡ್ಡು, ಜೊತೆಗೆ ಬಗ್ಗಡ ವಾಪಸ್ಸು. ಹಲವು ವರ್ಷ ನಡೆದು ಮುಂದೆ ಅದೂ ನಿಂತಿತು.

ಒಲೆಗಳದ್ದೂ ಅದೇ ಕಥೆ. 1983-84ರಲ್ಲಿ ಶುರುವಾದ ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ಮುಗಿಯಿತು. ಕಟ್ಟಿದ ಒಲೆಗಳ ಲೆಕ್ಕ ಕಡತದಲ್ಲಿತ್ತು. ಎಷ್ಟು ಒಲೆ ಉರಿಯುತ್ತಿವೆ, ಕೊಳವೆಗೆ ಮಸಿ ಕಟ್ಟಿದಾಗ ಯಾರು ಬರುತ್ತಾರೆ ಎಂಬುದನ್ನು ಕೇಳುವವರು ಕಡಿಮೆ. ಸಹಾಯಧನ ಬಂದ ದಿನ ಕಟ್ಟಿದ್ದು, ಸಹಾಯಧನ ನಿಂತ ದಿನ ಹಾಳುಬಿದ್ದದ್ದು ಬಹಳ. ದುಡ್ಡು ಕಟ್ಟಡಕ್ಕೆ ಸಿಕ್ಕಿತು, ಬಳಕೆಗೆ ಮತ್ತು ರಿಪೇರಿಗೆ ಸಿಗಲಿಲ್ಲ. ಇದು ಮೊದಲ ಪಾಠ.

ಆನೆ ಬೇಲಿಯಿಂದ ಮನೆಯ ದೀಪಕ್ಕೆ

ಬಿಸಿಲಿನಿಂದ ಕರೆಂಟು ಮಾಡುವ ಸಿಲಿಕಾನ್ ಬಿಲ್ಲೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ತಯಾರಾದದ್ದು 1954ರಲ್ಲಿ. ಮೊದಲು ಅದು ಉಪಗ್ರಹಗಳಿಗೆ ಮಾತ್ರ ಎಟಕುವ ಬೆಲೆಯದ್ದು. 1989ರಲ್ಲಿ ಬೆಂಗಳೂರಿನಲ್ಲಿ ಟಾಟಾ ಬಿ.ಪಿ. ಸೋಲಾರ್ ಕಂಪೆನಿ ಸ್ಥಾಪನೆಯಾಗಿ ಫಲಕಗಳು ನಮ್ಮ ರಾಜ್ಯದಲ್ಲೇ ತಯಾರಾಗತೊಡಗಿದವು.

ಕೊಡಗಿನ ಎಷ್ಟೋ ಜನ ಸೌರಫಲಕವನ್ನು ಮೊದಲು ಕಂಡದ್ದು ಮನೆಯ ಮಾಡಿನ ಮೇಲಲ್ಲ, ತೋಟದ ಅಂಚಿನಲ್ಲಿ. ಅದೇ ಆನೆ ಬೇಲಿ. ಒಂದು ಫಲಕ, ಒಂದು ಬ್ಯಾಟರಿ, ತಂತಿಗೆ ಬಿಟ್ಟು ಬಿಟ್ಟು ಹೊಡೆತ ಕಳಿಸುವ ಒಂದು ಪೆಟ್ಟಿಗೆ. ಆನೆಗೆ ಪೆಟ್ಟು ಬೀಳುತ್ತದೆ, ಜೀವಕ್ಕೆ ಅಪಾಯವಿಲ್ಲ. ಈ ಬೇಲಿ ಕಲಿಸಿದ ಪಾಠವೂ ಒಲೆ ಕಲಿಸಿದ್ದೇ. ತಂತಿಗೆ ಬಳ್ಳಿ, ಹುಲ್ಲು ತಾಗದಂತೆ ಕಡಿಯುತ್ತಾ, ಬ್ಯಾಟರಿಗೆ ನೀರು ಹಾಕುತ್ತಾ ನೋಡಿಕೊಂಡವರ ತೋಟಕ್ಕೆ ಆನೆ ಬರುವುದು ಕಡಿಮೆಯಾಯಿತು. ಹಾಕಿಸಿ ಮರೆತ ಕಡೆ ಆನೆಯೇ ಮರ ಉರುಳಿಸಿ ಬೇಲಿ ದಾಟಿತು.

ಮನೆಯ ದೀಪಕ್ಕೆ ಸೌರಶಕ್ತಿ ಬಂದ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾತ್ರವಿದೆ. 1995ರಲ್ಲಿ ಡಾ. ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ‘ಸೆಲ್ಕೊ’ ಸಂಸ್ಥೆಯನ್ನು ಆರಂಭಿಸಿದರು. ಬಡವರಿಗೆ ಸೋಲಾರ್ ಕೊಳ್ಳಲಾಗದು, ಕೊಂಡರೂ ನೋಡಿಕೊಳ್ಳಲಾಗದು ಎಂಬ ಮಾತು ಆಗ ಎಲ್ಲೆಡೆ ಇತ್ತು. ಇಡೀ ಹಣವನ್ನು ಒಂದೇ ಸಲ ಕೇಳಿದರೆ ಅದು ನಿಜವೇ. ಎರಡು ನಾಲ್ಕು ದೀಪದ ಒಂದು ಘಟಕಕ್ಕೆ 2003ರ ಸುಮಾರಿಗೂ 15ರಿಂದ 20 ಸಾವಿರ ರೂ. ಬೇಕಿತ್ತು. ಅಷ್ಟು ದುಡ್ಡನ್ನು ಒಟ್ಟಿಗೆ ಎಣಿಸಿ ಕೊಡುವ ಕೂಲಿಕಾರ ಯಾರಿದ್ದಾರೆ? ಆದರೆ ಅದೇ ಮನೆ ಸೀಮೆಎಣ್ಣೆಗೆ, ಮೇಣದ ಬತ್ತಿಗೆ, ಟಾರ್ಚಿನ ಸೆಲ್ಲಿಗೆ ದಿನವೂ ಚಿಲ್ಲರೆ ಖರ್ಚು ಮಾಡುತ್ತಲೇ ಇತ್ತು. ಆ ಚಿಲ್ಲರೆಯನ್ನು ಕಂತಾಗಿ ತಿರುಗಿಸಿದರೆ ಸಾಲ ತೀರುತ್ತದೆ. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಮೊದಮೊದಲು ಈ ಸಾಲ ಕೊಟ್ಟ ಬ್ಯಾಂಕುಗಳಲ್ಲಿ ಒಂದು. ಆಮೇಲೆ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಬಂದವು.

ಕಂತು ಮತ್ತು ಬಡ್ಡಿ

ಬೀದಿ ಬದಿಯಲ್ಲಿ ತರಕಾರಿ ಮಾರುವವರಿಗೆ ತಿಂಗಳಿಗೆ 300 ರೂ. ಭಾರ, ದಿನಕ್ಕೆ 10 ರೂ. ಹಗುರ ಎಂಬುದನ್ನು ಡಾ. ಹಂದೆ ತಮ್ಮ ಭಾಷಣಗಳಲ್ಲಿ ಹೇಳುತ್ತಾ ಬಂದಿದ್ದಾರೆ. ಲೆಕ್ಕದಲ್ಲಿ ಎರಡೂ ಒಂದೇ, ಕೈಯಲ್ಲಿ ದುಡ್ಡು ಓಡಾಡುವ ರೀತಿ ಬೇರೆ. ನಮ್ಮ ನಾಡಿಗೆ ಇದೇನೂ ಹೊಸತಲ್ಲ. ಸಿಂಡಿಕೇಟ್ ಬ್ಯಾಂಕಿನ ಟಿ.ಎಂ.ಎ. ಪೈಯವರು 1928ರಲ್ಲೇ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಆರಂಭಿಸಿದ್ದರು. ಧವಸ ಭಂಡಾರ ಹುತ್ತರಿಯ ತನಕ ಕಾಯುತ್ತಿದ್ದದ್ದೂ ಇದೇ ತಿಳಿವಳಿಕೆಯಿಂದ.

2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಸೌರ ಸಾಲ ಯೋಜನೆಯೊಂದನ್ನು ಕರ್ನಾಟಕದಲ್ಲಿ ಮುಖ್ಯವಾಗಿ ನಡೆಸಿತು. ಅದರ ವಿಶೇಷವೆಂದರೆ ಫಲಕಕ್ಕೆ ಸಹಾಯಧನ ಕೊಡಲಿಲ್ಲ, ಬಡ್ಡಿಗೆ ಕೊಟ್ಟಿತು. ಸುಮಾರು ಶೇ. 12ರ ಬಡ್ಡಿಯನ್ನು ಮೊದಲು ಶೇ. 5ಕ್ಕೆ ಇಳಿಸಿ, ಆಮೇಲೆ ಹಂತಹಂತವಾಗಿ ಆ ನೆರವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಬ್ಯಾಂಕ್ ಮ್ಯಾನೇಜರುಗಳಿಗೆ ಈ ಸಾಲ ಮರುಪಾವತಿಯಾಗುತ್ತದೆ ಎಂಬ ಧೈರ್ಯ ಬಂದಿತ್ತು. ಸುಮಾರು ನಾಲ್ಕು ವರ್ಷಗಳಲ್ಲಿ 18 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಸಾಲ ಸಿಕ್ಕಿತು. 2011ರಲ್ಲಿ ಡಾ. ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ನೆರೆಯ ಬಾಂಗ್ಲಾದೇಶದಲ್ಲಿ ಇದೇ ಕೆಲಸ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1996ರಲ್ಲಿ ಹುಟ್ಟಿದ ಗ್ರಾಮೀಣ ಶಕ್ತಿ ಮತ್ತು ಅದರಂಥ ಸಂಸ್ಥೆಗಳು ಕಂತಿನ ಮೇಲೆ ಕೊಟ್ಟ ಸೌರ ಘಟಕಗಳು 40 ಲಕ್ಷ ದಾಟಿದವು. ಆದರೆ ಅದರ ಮುಂದಿನ ಅಧ್ಯಾಯವನ್ನೂ ಓದಬೇಕು. ಸರಕಾರ ಒಂದು ಕಡೆ ತಂತಿ ಎಳೆಯಿತು, ಇನ್ನೊಂದು ಕಡೆ ಅದೇ ಘಟಕಗಳನ್ನು ಪುಕ್ಕಟೆಯಾಗಿ ಹಂಚಿತು. ಪಕ್ಕದ ಮನೆಗೆ ಬಿಟ್ಟಿ ಸಿಕ್ಕಿದ್ದಕ್ಕೆ ತಾನು ಯಾಕೆ ಕಂತು ಕಟ್ಟಬೇಕೆಂದು ಸಾಲಗಾರರು ಕೈಬಿಟ್ಟರು. ಸಾಲ ಕೊಟ್ಟ ಸಂಸ್ಥೆಗಳು ಕಷ್ಟಕ್ಕೆ ಸಿಕ್ಕಿಕೊಂಡವು. ಇದು ಎರಡನೇ ಪಾಠ. ಸಾಲ ಕೊಡುವ ಸಂಘ ಮುಂದಿನ ಹತ್ತು ವರ್ಷದಲ್ಲಿ ಸರಕಾರ ಏನು ಮಾಡಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೂರನೆಯದೂ ಒಂದಿದೆ. ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ, ನಮ್ಮ ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕ್ 2012ರಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾದವು. ಮ್ಯಾನೇಜರುಗಳಿಗಂತೂ ಮೂರು ವರ್ಷಕ್ಕೊಮ್ಮೆ ವರ್ಗ. ಸೋಲಾರ್ ಸಾಲದ ಮರ್ಮ ತಿಳಿದ ಮ್ಯಾನೇಜರು ಹೋದರೆ ಆ ಶಾಖೆಯಲ್ಲಿ ಸಾಲವೂ ಹೋಯಿತು. ಊರಿನ ಸಹಕಾರ ಸಂಘ ಊರಲ್ಲೇ ಇರುತ್ತದೆ.

ಪುಕ್ಕಟೆ ಕರೆಂಟು, ಸಹಾಯಧನದ ಸೋಲಾರ್

1970ರ ದಶಕದಿಂದ ಇಲ್ಲಿಯವರೆಗೆ ಫಲಕದ ಬೆಲೆ ಶೇ. 99ಕ್ಕೂ ಹೆಚ್ಚು ಇಳಿದಿದೆ. ನಲವತ್ತು ವಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು ಐದು ವಾಟಿನ ಎಲ್.ಇ.ಡಿ. ಕೊಡುತ್ತದೆ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಬಂದು ನಬಾರ್ಡ್ ಮೂಲಕ ಬ್ಯಾಂಕ್ ಸಾಲದ ಜೊತೆ ಸಹಾಯಧನ ಸಿಕ್ಕಿತು. 2015ರಲ್ಲಿ ರಿಸರ್ವ್ ಬ್ಯಾಂಕು ಮನೆಗಳ ಸೌರ ಸಾಲವನ್ನು 10 ಲಕ್ಷ ರೂ. ತನಕ ಆದ್ಯತಾ ವಲಯಕ್ಕೆ ಸೇರಿಸಿತು. 2024ರ ಫೆಬ್ರವರಿಯಲ್ಲಿ ‘ಪಿ.ಎಂ. ಸೂರ್ಯಘರ್’ ಯೋಜನೆ ಬಂತು. ಒಂದು ಕೋಟಿ ಮನೆಗಳ ಗುರಿ. ಎರಡು ಕಿಲೋವಾಟ್ ತನಕ ಕಿಲೋವಾಟಿಗೆ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಹೀಗೆ ಹೆಚ್ಚೆಂದರೆ 78 ಸಾವಿರ ರೂ. ಸಹಾಯಧನ. ಜೊತೆಗೆ ಸರಕಾರಿ ಬ್ಯಾಂಕುಗಳಿಂದ ಆಧಾರವಿಲ್ಲದೆ, ಆರಂಭದಲ್ಲಿ ಸುಮಾರು ಶೇ. 7ರ ಬಡ್ಡಿಯ ಸಾಲ.

ಅದಕ್ಕೆ ಮೊದಲೇ, 2023ರ ಜುಲೈಯಿಂದ, ನಮ್ಮ ರಾಜ್ಯದಲ್ಲಿ ‘ಗೃಹಜ್ಯೋತಿ’ ಜಾರಿಯಾಗಿತ್ತು. ಮನೆಯ ಹಿಂದಿನ ಬಳಕೆಯ ಸರಾಸರಿ ಮತ್ತು ಅದರ ಮೇಲೆ ಆರಂಭದಲ್ಲಿ ಶೇ. 10, ಒಟ್ಟು 200 ಯೂನಿಟ್ ಮೀರದಂತೆ ಕರೆಂಟು ಉಚಿತ. ಬಡವರಿಗೂ ಮಧ್ಯಮ ವರ್ಗಕ್ಕೂ ಇದರಿಂದ ಆದ ಅನುಕೂಲ ಸಣ್ಣದಲ್ಲ. ಆದರೆ ‘ಕರೆಂಟು ಪುಕ್ಸಟ್ಟೆ ಬರುವಾಗ ಸೋಲಾರ್ ಯಾಕೆ ಮಾರಾಯ್ರೇ?’ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಭಾಷಣದಿಂದ ಉತ್ತರ ಸಿಗುವುದಿಲ್ಲ, ಲೆಕ್ಕದಿಂದ ಸಿಗುತ್ತದೆ.

ಮೂರು ಕಿಲೋವಾಟಿಗೆ ಸಹಾಯಧನ ಕಳೆದು 1 ಲಕ್ಷ 20 ಸಾವಿರ ರೂ. ಸಾಲ ಬೇಕೆಂದಿಟ್ಟುಕೊಳ್ಳಿ. ಶೇ. 7ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 1,400 ರೂ. ಅದೇ ಸಾಲ ಶೇ. 11ರಲ್ಲಾದರೆ 1,650 ರೂ. ಬಿಲ್ಲು ಕಟ್ಟುತ್ತಿರುವ ಮನೆಗೆ ತಿಂಗಳಿಗೆ 300 ಯೂನಿಟ್ ಉಳಿದರೆ, ಯೂನಿಟ್ಟಿಗೆ 6 ರೂ. ಎಂದು ಹಿಡಿದರೂ 1,800 ರೂ. ಉಳಿತಾಯ. ಎರಡು ಬಡ್ಡಿಯಲ್ಲೂ ಕಂತು ಹೊರಡುತ್ತದೆ. ಹೋಂಸ್ಟೇ ನಡೆಸುವವರು, 200 ಯೂನಿಟ್ ಮೀರುವ ಮನೆಯವರು ಈ ಸಾಲಿಗೆ ಬರುತ್ತಾರೆ. ಆದರೆ ಬಿಲ್ಲೇ ಸೊನ್ನೆ ಬರುವ ಮನೆಯವರಿಗೆ ಉಳಿತಾಯವೆಂಬುದಿಲ್ಲ, ಕಂತು ಪೂರ್ತಿ ಮೈಮೇಲೆ. ಬೆಳೆ ಸಾಲಕ್ಕೆ ಶೂನ್ಯ ಬಡ್ಡಿ ಅಭ್ಯಾಸವಾದ ಸದಸ್ಯರಿಗೆ ಅಂಥ ಸಾಲ ಕೊಟ್ಟರೆ ಸುಸ್ತಿಯಾಗುವುದು ಆಶ್ಚರ್ಯವಲ್ಲ. ಸಂಘದ ದುಡ್ಡು ಸದಸ್ಯರ ಠೇವಣಿ ಎಂಬುದನ್ನು ಮರೆಯಬಾರದು.

ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ಮಾರಾಟಕ್ಕೆ ಬರುವವರು ಇದನ್ನು ಯಾವಾಗಲೂ ಹೇಳುವುದಿಲ್ಲ. ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಮಾಡಿನ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮನ್‌ಗೆ ಮನೆಗಳ ಕಡೆಯಿಂದ ಕರೆಂಟು ಹರಿದು ಅಪಾಯವಾಗಬಾರದೆಂದು ಹಾಗೆ ಮಾಡಿರುತ್ತಾರೆ. ಅಂದರೆ ಜುಲೈ ತಿಂಗಳ ಕತ್ತಲೆಗೆ ಅದು ಮದ್ದಲ್ಲ. ಆಗ ಬಿಸಿಲೂ ಕಡಿಮೆ. ಕತ್ತಲೆಗೆ ಮದ್ದು ಬೇಕಾದವರಿಗೆ ಬ್ಯಾಟರಿಯಿರುವ ಸಣ್ಣ ಘಟಕವೇ ಸರಿ: ನಾಲ್ಕು ದೀಪ, ಮೊಬೈಲ್ ಚಾರ್ಜು, ಒಂದು ಫ್ಯಾನು.

ನಮ್ಮ ಸಂಘ ಏನು ಮಾಡಬಹುದು

ಈ ಚರಿತ್ರೆಯಿಂದ ಹೊರಡುವ ಮಾತು ಒಂದೇ. ಬೆಳಕಿಗೆ ಸಾಲ ಕೊಡುವುದು ಸಹಕಾರ ಸಂಘಕ್ಕೆ ಹೊಸ ವಿದ್ಯೆಯಲ್ಲ, ಧವಸ ಭಂಡಾರದ ವಿದ್ಯೆಯೇ. ಅದರ ಮೂರು ಸೂತ್ರಗಳನ್ನು ಇಲ್ಲಿಗೂ ತರಬೇಕು.

ಮೊದಲನೆಯದು ಕಂತಿನ ಕಾಲ. ಕಾಫಿ ಬೆಳೆಗಾರರ ಕೈಗೆ ದುಡ್ಡು ಬರುವುದು ಕೊಯ್ಲು ಮುಗಿದು, ಕಣದಲ್ಲಿ ಒಣಗಿಸಿ ಮಾರಿದ ಮೇಲೆ. ಅವರಿಗೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ವರ್ಷಕ್ಕೊಂದು ಅಥವಾ ಎರಡು ಕಂತು ಇಡಬೇಕು. ಲೈನ್‌ಮನೆಯ ಕೂಲಿಕಾರರಿಗೆ ವಾರದ ಬಟವಾಡೆ. 20 ಸಾವಿರ ರೂ. ಘಟಕಕ್ಕೆ ಶೇ. 10ರ ಬಡ್ಡಿಯಲ್ಲಿ ಮೂರು ವರ್ಷವೆಂದರೆ ವಾರಕ್ಕೆ ಸುಮಾರು 150 ರೂ. ಬಟವಾಡೆ ದಿನವೇ ಪಿಗ್ಮಿಯಂತೆ ಸಂಗ್ರಹಿಸಿದರೆ ಅವರಿಗೆ ಭಾರವಾಗದು.

ಎರಡನೆಯದು ಆಳಿನ ಪರಿಚಯ. ಸೂರ್ಯಘರ್ ಯೋಜನೆಗೆ ಸ್ವಂತ ಮಾಡು, ತನ್ನ ಹೆಸರಿನ ಮೀಟರು ಬೇಕು. ಜಮ್ಮಾ ಹಿಡುವಳಿಯಲ್ಲಿ ಪಟ್ಟೆದಾರರ ಹೆಸರಿರುವ ಒಕ್ಕದ ಮನೆಗಳಿಗೆ, ಮಾಲೀಕರ ಲೈನ್‌ಮನೆಯಲ್ಲಿರುವವರಿಗೆ, ನಾಗರಹೊಳೆ ಅಂಚಿನ ಹಾಡಿಯ ಜೇನುಕುರುಬರು, ಯರವರಿಗೆ ಈ ಕಾಗದಗಳು ಎಲ್ಲಿಂದ ಬರಬೇಕು? ಸಣ್ಣ ಘಟಕವನ್ನು ಬಿಚ್ಚಿ ಬೇರೆ ಕಡೆಗೆ ಒಯ್ಯಬಹುದು, ಆದ್ದರಿಂದ ಅದಕ್ಕೆ ಮನೆಯ ಹಕ್ಕುಪತ್ರ ಕೇಳುವ ಅಗತ್ಯವಿಲ್ಲ. ಸ್ತ್ರೀಶಕ್ತಿ, ಸ್ವಸಹಾಯ ಗುಂಪುಗಳ ಪರಸ್ಪರ ಜಾಮೀನು ಸಾಕು. ಸರಕಾರದ ಕಾಗದದಲ್ಲಿ ಕಾಣದವರನ್ನು ಊರಿನ ಸಂಘ ಕಾಣಬಲ್ಲದು. ಸಹಕಾರ ಹುಟ್ಟಿದ್ದೇ ಅದಕ್ಕೆ.

ಮೂರನೆಯದು ರಿಪೇರಿ. ಮಾಮೂಲಿ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಕಂತಿನ ಜೊತೆಗೇ ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿಯನ್ನು ‘ಬ್ಯಾಟರಿ ಠೇವಣಿ’ ಎಂದು ಬೇರೆ ಖಾತೆಯಲ್ಲಿ ಇಡಿಸಿದರೆ ಆ ದಿನ ಬಂದಾಗ ಹೊಸ ಸಾಲದ ಪ್ರಶ್ನೆಯೇ ಏಳದು. ಊರಿನ ಇಬ್ಬರು ಹುಡುಗರಿಗೆ ಐ.ಟಿ.ಐ. ಮಟ್ಟದ ತರಬೇತಿ ಕೊಡಿಸಿ, ಸಂಘದ ಗೊಬ್ಬರದ ಮಳಿಗೆಯ ಪಕ್ಕದಲ್ಲೇ ಫ್ಯೂಸು, ದೀಪ, ವಯರು ಸಿಗುವಂತೆ ಮಾಡಬೇಕು. ಮನೆಯ ದೀಪಕ್ಕೂ ಆನೆ ಬೇಲಿಗೂ ಅವರೇ ಆಗುತ್ತಾರೆ. ಇದಿಲ್ಲದೆ ಸಾಲ ಮಾತ್ರ ಕೊಟ್ಟರೆ ಅಸ್ತ್ರ ಒಲೆಯ ಗತಿಯೇ.

ಸೋಲಾರ್ ಒಂದನ್ನೇ ಹಿಡಿದು ಕೂರಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ಬಿಸಿಲು ಕಡಿಮೆ, ತೋಡಿನಲ್ಲಿ ನೀರು ತುಂಬಿರುತ್ತದೆ. ಆ ನೀರಿನಿಂದ ಒಂದೆರಡು ಕಿಲೋವಾಟ್ ಮಾಡುವ ಪುಟ್ಟ ಜಲಯಂತ್ರಗಳನ್ನು ಮಲೆನಾಡಿನ ಮನೆಗಳಲ್ಲಿ ಕಾಣಬಹುದು. ಬೇಸಿಗೆಗೆ ಬಿಸಿಲು, ಮಳೆಗೆ ತೋಡು ಎಂಬ ಜೋಡಿ ಕೊಡಗಿಗೆ ಹೇಳಿ ಮಾಡಿಸಿದಂತಿದೆ. ಸ್ನಾನದ ಹಂಡೆಗೆ ಉರಿಯುವ ಸೌದೆಯನ್ನು ಸೋಲಾರ್ ಹೀಟರ್ ಬಿಸಿಲಿನ ತಿಂಗಳುಗಳಲ್ಲಿ ಉಳಿಸುತ್ತದೆ. ಮಳೆಗೆ ಹಂಡೆ ಇದ್ದೇ ಇದೆ. ಕುಶಾಲನಗರ ಕಡೆಗೆ ಮಳೆ ಮಡಿಕೇರಿಯ ಅರ್ಧವೂ ಇಲ್ಲ, ಭಾಗಮಂಡಲದ ಕಡೆ ವಿಪರೀತ. ಒಂದೇ ಜಿಲ್ಲೆಯಾದರೂ ಒಂದೇ ಸಾಲದ ನಮೂನೆ ಎಲ್ಲರಿಗೂ ಹೊಂದದು. ಆಯಾ ಊರಿನ ಸಂಘವೇ ತೀರ್ಮಾನಿಸಬೇಕು.

ಎಲ್ಲರಿಗೂ ಒಂದೇ ಸಲ ಕೊಡಬೇಕೆಂದೂ ಇಲ್ಲ. ಮಹಾಸಭೆಯ ಒಪ್ಪಿಗೆ ಪಡೆದು, ಲಾಭದ ಒಂದು ಸಣ್ಣ ಭಾಗವನ್ನು ಬೇರೆ ತೆಗೆದಿಟ್ಟು, ಕತ್ತಲೆ ಹೆಚ್ಚಿರುವ ಹತ್ತು ಮನೆಗಳಿಂದ ಆರಂಭಿಸಬಹುದು. ಎರಡು ಮಳೆಗಾಲ ಕಳೆಯಲಿ. ಕಂತು ಬಂತೇ, ದೀಪ ಉರಿಯುತ್ತಿದೆಯೇ ಎಂಬ ಎರಡು ಲೆಕ್ಕವನ್ನೂ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸೋಣ. ಆಮೇಲೆ ನೂರು ಮನೆಯ ಮಾತು.

ನಮ್ಮ ಸಂಘಕ್ಕೆ ಈಗ 25 ವರ್ಷ. ಒಳ್ಳೆಯ ಸೌರಫಲಕಕ್ಕೆ ಕಂಪೆನಿಗಳು ಕೊಡುವ ಭರವಸೆಯ ಅವಧಿಯೂ ಸಾಮಾನ್ಯವಾಗಿ 25 ವರ್ಷವೇ. ಇಂದು ಸಾಲ ಕೊಟ್ಟು ಹಾಕಿಸಿದ ಫಲಕ ಸಂಘದ ಸುವರ್ಣ ಮಹೋತ್ಸವದ ದಿನವೂ ಮಾಡಿನ ಮೇಲಿರಬೇಕು, ಅದರ ಕೆಳಗಿನ ದೀಪವೂ ಹತ್ತುತ್ತಿರಬೇಕು. ಆ ಸಂಚಿಕೆಗೆ ಲೇಖನ ಬರೆಯುವವರು ನಮ್ಮ ಸಾಲದ ಪುಸ್ತಕವನ್ನು ತೆರೆದು ನೋಡಿದಾಗ ಸುಸ್ತಿಯ ಪಟ್ಟಿ ಚಿಕ್ಕದಾಗಿರಲಿ, ಹಾಡಿಯ ಮನೆಗಳ ಹೆಸರೂ ಅದರಲ್ಲಿರಲಿ ಎಂದು ಇಗ್ಗುತ್ತಪ್ಪನನ್ನೂ ಕಾವೇರಮ್ಮೆಯನ್ನೂ ಪ್ರಾರ್ಥಿಸುತ್ತೇನೆ.